ಕಣಕುಂಬಿಯ ಕಾಡು, ಮುರಗೋಡದ ಹೊಲ: ನಡುವಿನ ಲೆಕ್ಕ ಬರೆಯೋರು ಯಾರು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತಿನ ವಿಷಯದ ಹೆಸರು ಕೇಳಿದ ಕೂಡಲೇ ಕೆಲವರು ಮುಂದಿನ ಸಂಚಿಕೆಗೆ ಹಾರಬಹುದು: ಜೀವವೈವಿಧ್ಯ ಸಂರಕ್ಷಣಾ ನೀತಿ. ಪರೀಕ್ಷೆಯ ಐದು ಅಂಕದ ಪ್ರಶ್ನೆ ಇದ್ದಂಗ ಕೇಳಸ್ತದ, ಒಪ್ಕೋತೀನಿ. ಆದರೆ ನಾನು ಬಿ.ಕಾಂ ಓದಿದವನು. ನನಗೆ ಹುಲಿ, ಬಾವಲಿಗಿಂತ ಮೊದಲು ಕಾಣೋದು ರೊಕ್ಕ. ಹಾಗಾಗಿ ಇದನ್ನು ರೊಕ್ಕದ ದಾರಿಯಿಂದಲೇ ನೋಡೋಣ. ನಮ್ಮ ಮುರಗೋಡ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಜೇಬಿಗೂ ನೂರು ಕಿಲೋಮೀಟರ್ ದೂರದ ಕಾಡಿಗೂ ಏನು ಸಂಬಂಧ, ಅದು ಇವತ್ತಿನ ಪ್ರಶ್ನೆ.

ಒಂದೇ ನದಿ, ನಾಲ್ಕು ವರ್ಷ, ಎರಡು ಹೊಡೆತ

2019ರ ಆಗಸ್ಟ್ ನೆನಪು ಮಾಡ್ಕೊಳ್ರಿ. ಮಲಪ್ರಭಾ ಉಕ್ಕಿ ಹರಿದಳು. ನವಿಲುತೀರ್ಥ ಅಣೆಕಟ್ಟು ತುಂಬಿ, ನೀರು ಹೊರಗೆ ಬಿಟ್ಟಾಗ ಮುನವಳ್ಳಿಯೊಳಗೆ ನೀರು ಹೊಕ್ಕಿತು. ರಾಮದುರ್ಗ ತಾಲೂಕಿನ ನದಿದಂಡೆ ಊರುಗಳು ಮುಳುಗಿದವು. ನೇಕಾರರ ಮಗ್ಗಗಳು ನೀರಿನಾಗ ನಿಂತವು.

ಈಗ 2023ಕ್ಕೆ ಬರ್ರಿ. ಮಳೆ ಕೈಕೊಟ್ಟಿತು. ರಾಜ್ಯ ಸರ್ಕಾರ 236 ತಾಲೂಕುಗಳಲ್ಲಿ 223 ತಾಲೂಕು ಬರಪೀಡಿತ ಎಂದು ಘೋಷಿಸಿತು. ನಾಲ್ಕು ವರ್ಷದ ಹಿಂದೆ ಮನೆಯೊಳಗೆ ಬಂದಿದ್ದ ಅದೇ ನದಿ, ಈಗ ಕುಡಿಯೋಕೆ ಸಾಕಾಗುತ್ತದೋ ಇಲ್ಲವೋ ಎಂಬ ಚಿಂತೆ.

ಅರ್ಥಶಾಸ್ತ್ರದಲ್ಲಿ ಇಂಥ ಹೊಡೆತ ತಿಂದು ಮತ್ತೆ ಎದ್ದು ನಿಲ್ಲುವ ಶಕ್ತಿಗೆ ಒಂದು ಹೆಸರಿದೆ: ಆರ್ಥಿಕ ಚೇತರಿಕೆ ಶಕ್ತಿ. ಎರಡು ಅಂಗಡಿ ಕಲ್ಪಿಸಿಕೊಳ್ರಿ. ಒಂದು ಅಂಗಡಿಯಲ್ಲಿ ಒಂದೇ ಮಾಲು, ಸಾಲದ ಮೇಲೆ ಸಾಲ, ಕೈಯಲ್ಲಿ ಉಳಿತಾಯ ಇಲ್ಲ. ಇನ್ನೊಂದರಲ್ಲಿ ಹತ್ತು ಥರದ ಮಾಲು, ಬ್ಯಾಂಕಿನಲ್ಲಿ ಸ್ವಲ್ಪ ಎಫ್‌ಡಿ, ವಿಮೆ. ವ್ಯಾಪಾರ ಚೆನ್ನಾಗಿದ್ದ ವರ್ಷ ಮೊದಲನೇ ಅಂಗಡಿಯವನೇ ಜಾಸ್ತಿ ಲಾಭ ಮಾಡಬಹುದು. ಆದರೆ ಕೆಟ್ಟ ವರ್ಷ ಬಂದಾಗ ಯಾರ ಶಟರ್ ಮೊದಲು ಕೆಳಗಿಳೀತದ? ಉತ್ತರ ನಿಮಗೇ ಗೊತ್ತು.

ಒಂದು ಪ್ರದೇಶಕ್ಕೂ ಇದೇ ಲೆಕ್ಕ. ನಮ್ಮ ಭಾಗದ ಎಫ್‌ಡಿ ಎಲ್ಲಿದೆ? ವಿಮೆ ಎಲ್ಲಿದೆ? ಮಾಲಿನ ವೈವಿಧ್ಯ ಎಲ್ಲಿದೆ? ನನ್ನ ಮಟ್ಟಿಗೆ ಎಫ್‌ಡಿ ಮತ್ತು ವಿಮೆ ಖಾನಾಪುರದ ಕಾಡಿನಲ್ಲಿದೆ. ಮಾಲಿನ ವೈವಿಧ್ಯ ನಮ್ಮ ಹೊಲದಲ್ಲಿದೆ, ಅಥವಾ ಇತ್ತು. ಒಂದೊಂದಾಗಿ ಹೇಳ್ತೀನಿ.

ಕಾಡಿನ ಎಫ್‌ಡಿ

ಮಲಪ್ರಭಾ ಹುಟ್ಟೋದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ, ಪಶ್ಚಿಮ ಘಟ್ಟದ ನೆತ್ತಿಯ ಮೇಲೆ. ಅಲ್ಲಿಂದ ಹೊರಟು ಎಂ.ಕೆ. ಹುಬ್ಬಳ್ಳಿ, ಸಂಗೊಳ್ಳಿ ದಾಟಿ, ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ನಿಂತು, ರಾಮದುರ್ಗ, ಪಟ್ಟದಕಲ್ಲು ಕಂಡು, ಸುಮಾರು 300 ಕಿಲೋಮೀಟರ್ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ.

ಈಗ ಮಳೆ ನೋಡ್ರಿ. ಕಣಕುಂಬಿ ಕಡೆ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಮೀರಿ ಮಳೆ. ಸವದತ್ತಿ ಸುತ್ತ 600ರ ಆಸುಪಾಸು. ಅಂದರೆ ನಾವು ಕುಡಿಯೋ ನೀರಿನ ಬಹುಪಾಲು ನಮ್ಮ ಆಕಾಶದಿಂದ ಬಿದ್ದದ್ದಲ್ಲ. ಬೇರೆಯವರ ಊರಿನ ಮಳೆ, ಬೇರೆಯವರ ಊರಿನ ಕಾಡು, ನಮ್ಮ ಕಾಲುವೆ. ನವಿಲುತೀರ್ಥದ ರೇಣುಕಾಸಾಗರದ ಒಟ್ಟು ಸಾಮರ್ಥ್ಯ 37.73 ಟಿಎಂಸಿ. ಒಂದು ಟಿಎಂಸಿ ಅಂದರೆ ಸುಮಾರು 2,832 ಕೋಟಿ ಲೀಟರ್. ಹುಬ್ಬಳ್ಳಿ-ಧಾರವಾಡದ ನಲ್ಲಿಗೂ ಇಲ್ಲಿಂದಲೇ ನೀರು. ಬಲದಂಡೆ ಕಾಲುವೆ ನರಗುಂದ, ನವಲಗುಂದದ ಕಡೆ ಹೋಗುತ್ತದೆ. ಮುರಗೋಡ ಸುತ್ತ ಮಳೆ ನಂಬಿದ ಎರಿಹೊಲ ಇವತ್ತಿಗೂ ಭಾಳ ಇವೆ, ಆದರೆ ನಮ್ಮ ಸಂತೆ, ನಮ್ಮ ಕಬ್ಬಿನ ಫ್ಯಾಕ್ಟರಿ, ನಮ್ಮ ಹತ್ತಿ ವ್ಯಾಪಾರ, ಎಲ್ಲದರ ಏರಿಳಿತ ಈ ನದಿಗೆ ಕಟ್ಟಿಕೊಂಡಿದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಗೆಹರಿಸೋಣ. "ಕಾಡು ಇದ್ದರೆ ಮಳೆ ಬರ್ತದ" ಅಂತ ನಾವು ಸುಲಭವಾಗಿ ಹೇಳಿಬಿಡ್ತೀವಿ. ಅಷ್ಟು ಸರಳ ಇಲ್ಲ. ನಮ್ಮ ಕಣಕುಂಬಿಯ ಮಳೆ ಮುಖ್ಯವಾಗಿ ಅರಬ್ಬೀ ಸಮುದ್ರದಿಂದ ಬರೋ ಮುಂಗಾರಿನದು. ಮರಗಳೂ ನೀರು ಕುಡಿಯುತ್ತವೆ. ಹಾಗಾದರೆ ಕಾಡು ಮಾಡೋದೇನು? ಸಮಯ ಬದಲಿಸ್ತದ. ದಪ್ಪ ಎಲೆಹಾಸು, ಬೇರು, ಸಡಿಲ ಮಣ್ಣು ಇದ್ದಲ್ಲಿ ಮಳೆನೀರು ಒಳಗೆ ಇಳಿಯುತ್ತದೆ, ನಿಧಾನವಾಗಿ ಹಳ್ಳಕ್ಕೆ ಬರುತ್ತದೆ. ಬೋಳು ನೆಲದಲ್ಲಿ ಅದೇ ಮಳೆ ಒಂದೇ ದಿನದಲ್ಲಿ ಮಣ್ಣು ಹೊತ್ತುಕೊಂಡು ಓಡುತ್ತದೆ. ಉತ್ತರ ಕನ್ನಡದ ಸಣ್ಣ ಹಳ್ಳಗಳಲ್ಲಿ ನೀರು ಅಳೆದ ಅಧ್ಯಯನಗಳು ಸಹಜ ಕಾಡಿಗೂ, ಹಾಳಾದ ಕಾಡಿಗೂ, ಅಕೇಶಿಯಾ ನೆಡುತೋಪಿಗೂ ಈ ವಿಷಯದಲ್ಲಿ ವ್ಯತ್ಯಾಸ ಇದೆ ಎಂದು ತೋರಿಸಿವೆ. ಹಸಿರು ಕಂಡದ್ದೆಲ್ಲ ಕಾಡಲ್ಲ.

ಹಣಕ್ಕೆ ಹೋಲಿಸಿದರೆ: ಸಂಬಳ ಬಂದ ದಿನವೇ ಖಾಲಿ ಮಾಡುವವನು ಬೋಳು ಗುಡ್ಡ. ಎಫ್‌ಡಿ ಇಟ್ಟು ತಿಂಗಳು ತಿಂಗಳು ಬಡ್ಡಿ ತೆಗೆಯುವವನು ಕಾಡು. ಸಂಬಳ ಇಬ್ಬರಿಗೂ ಒಂದೇ. ಇದರ ಮಿತಿಯೂ ಗೊತ್ತಿರಲಿ. ಸಂಬಳವೇ ಬರದ ವರ್ಷ, ಅಂದರೆ 2023ರಂಥ ವರ್ಷ, ಎಫ್‌ಡಿ ನಿಮ್ಮನ್ನು ಸ್ವಲ್ಪ ದಿನ ತಳ್ಳಬಹುದು, ಪೂರ್ತಿ ಸಾಕಲಾರದು. 2019ರಂಥ ಮಳೆ ಬಂದಾಗಲೂ ಕಾಡು ಪ್ರವಾಹದ ಏಟು ಸ್ವಲ್ಪ ತಗ್ಗಿಸಬಹುದು, ನಿಲ್ಲಿಸಲಾರದು. ಆದರೆ ಅಣೆಕಟ್ಟಿಗೆ ಹೂಳು ಕಡಿಮೆ ಬಂದರೆ ಅದರ ಲಾಭ ಪ್ರತಿ ವರ್ಷ, ಸದ್ದಿಲ್ಲದೆ ಸಿಗ್ತದ.

ಬಾವಲಿ ಉಳಿಸಿ ನಮಗೇನ್ ಸಿಗ್ತದ?

2011ರ ಡಿಸೆಂಬರ್‌ನಲ್ಲಿ ಖಾನಾಪುರದ ಭೀಮಗಡವನ್ನು ವನ್ಯಜೀವಿಧಾಮ ಎಂದು ಘೋಷಿಸಲಾಯಿತು. ಸುಮಾರು 190 ಚದರ ಕಿಲೋಮೀಟರ್. ಇದರೊಳಗಿನ ಬಾರಾಪೇಡೆ ಗುಹೆಯಲ್ಲಿ ರಾಟನ್ಸ್ ಫ್ರೀ-ಟೇಲ್ಡ್ ಎಂಬ ಅಪರೂಪದ ಬಾವಲಿ ಇದೆ. 1913ರಲ್ಲಿ ವಿಜ್ಞಾನಿಗಳು ಇದನ್ನು ಮೊದಲು ವಿವರಿಸಿದ್ದು ಇಲ್ಲಿಯ ಬಾವಲಿ ನೋಡಿಯೇ. ಬಹಳ ವರ್ಷ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ ಎಂದೇ ತಿಳಿದಿದ್ದರು. ಆಮೇಲೆ ಮೇಘಾಲಯದಲ್ಲೂ ಕಾಂಬೋಡಿಯಾದಲ್ಲೂ ಸಿಕ್ಕಿತು.

"ಅದಕ್ಕ ನಾವೇನ್ ಮಾಡೂಣು?" ಅಂತ ಕಟ್ಟೆ ಮೇಲೆ ಯಾರಾದರೂ ಕೇಳಿಯೇ ಕೇಳ್ತಾರೆ. ಸರಿಯಾದ ಪ್ರಶ್ನೆ. ಅಮೆರಿಕದಲ್ಲಿ ಒಂದು ಶಿಲೀಂಧ್ರ ರೋಗ ಬಂದು ಕೀಟ ತಿನ್ನುವ ಬಾವಲಿಗಳು ರಾಶಿರಾಶಿಯಾಗಿ ಸತ್ತವು. ಏಯಲ್ ಫ್ರ್ಯಾಂಕ್ ಎಂಬ ಅರ್ಥಶಾಸ್ತ್ರಜ್ಞ ಆ ಜಿಲ್ಲೆಗಳ ಲೆಕ್ಕ ತೆಗೆದು 2024ರಲ್ಲಿ ಪ್ರಕಟಿಸಿದರು. ಬಾವಲಿ ಸತ್ತ ಜಿಲ್ಲೆಗಳಲ್ಲಿ ರೈತರು ಕೀಟನಾಶಕ ಬಳಕೆ ಸುಮಾರು 31 ಪ್ರತಿಶತ ಹೆಚ್ಚಿಸಿದ್ದರು. ಅದೇ ಜಿಲ್ಲೆಗಳಲ್ಲಿ ಶಿಶುಮರಣವೂ ಸುಮಾರು 8 ಪ್ರತಿಶತ ಏರಿತ್ತು. ನಮ್ಮ ಬಾರಾಪೇಡೆ ಬಾವಲಿಯೂ ಇಷ್ಟೇ ರೊಕ್ಕ ಉಳಿಸ್ತದ ಅಂತ ನಾನು ಹೇಳ್ತಿಲ್ಲ. ಹೇಳೋದಿಷ್ಟು: ಬಿಲ್ ಕಳಿಸದೆ ಕೆಲಸ ಮಾಡುವ ಕೆಲಸಗಾರರು ಇದ್ದಾರೆ. ಅವರು ಬಿಟ್ಟುಹೋದ ಮೇಲೆಯೇ ನಮಗೆ ಬಿಲ್ ಕಾಣೋದು.

ಮಹದಾಯಿ: ಕಾನೂನು ಮತ್ತು ಬಾಯಾರಿಕೆ ಎದುರುಬದುರು

ಈಗ ಕಷ್ಟದ ಭಾಗ. ನಮ್ಮ ಭಾಗದಲ್ಲಿ "ಪರಿಸರ" ಅನ್ನೋ ಪದ ಕೇಳಿದರೆ ಹಲವರಿಗೆ ಸಿಟ್ಟು ಬರ್ತದ. ಕಾರಣ ಮಹದಾಯಿ.

ಮಲಪ್ರಭಾ ಹುಟ್ಟುವ ಅದೇ ಖಾನಾಪುರ ಕಾಡಿನ ಇನ್ನೊಂದು ಮಗ್ಗುಲಿಂದ ಮಹದಾಯಿ ಹುಟ್ಟಿ ಗೋವಾಕ್ಕೆ ಇಳಿಯುತ್ತದೆ. ಅದರ ಉಪಹಳ್ಳಗಳಾದ ಕಳಸಾ, ಬಂಡೂರಿಯ ನೀರನ್ನು ಮಲಪ್ರಭೆಗೆ ತಿರುಗಿಸಬೇಕು ಅನ್ನೋದು ಯೋಜನೆ. 2010ರಲ್ಲಿ ನ್ಯಾಯಮಂಡಳಿ ರಚನೆಯಾಯಿತು. 2015ರ ಜುಲೈನಲ್ಲಿ ನರಗುಂದದಲ್ಲಿ ರೈತರು ಧರಣಿ ಕುಳಿತರು. 2016ರ ಜುಲೈನಲ್ಲಿ ನ್ಯಾಯಮಂಡಳಿ ಮಧ್ಯಂತರ ಅರ್ಜಿ ತಿರಸ್ಕರಿಸಿದಾಗ ಯಮನೂರಿನಲ್ಲಿ ಪೊಲೀಸರ ಲಾಠಿ ಬಿದ್ದದ್ದು ಈ ಭಾಗದವರು ಮರೆತಿಲ್ಲ.

2018ರ ಆಗಸ್ಟ್ 14ರಂದು ತೀರ್ಪು ಬಂತು. ಕರ್ನಾಟಕಕ್ಕೆ 13.42 ಟಿಎಂಸಿ. ಕೇಳೋಕೆ ದೊಡ್ಡ ಸಂಖ್ಯೆ. ಆದರೆ ಬಿಡಿಸಿ ನೋಡ್ರಿ: 8.02 ವಿದ್ಯುತ್ ಉತ್ಪಾದನೆಗೆ, 1.5 ಆ ಕಣಿವೆಯೊಳಗಿನ ಬಳಕೆಗೆ, ಮಲಪ್ರಭೆಗೆ ತಿರುಗಿಸೋಕೆ 3.9. ಅದರಲ್ಲಿ ಕಳಸಾ 1.72, ಬಂಡೂರಿ 2.18. ನವಿಲುತೀರ್ಥದ 37.73ಕ್ಕೆ ಹೋಲಿಸಿದರೆ ಹತ್ತರಲ್ಲಿ ಒಂದು ಪಾಲು. 2020ರ ಫೆಬ್ರುವರಿಯಲ್ಲಿ ಗೆಜೆಟ್ ಅಧಿಸೂಚನೆ, 2022ರ ಕೊನೆಗೆ ಕೇಂದ್ರ ಜಲ ಆಯೋಗದ ಒಪ್ಪಿಗೆ.

ಹಾಗಾದರೆ ತಡೆ ಎಲ್ಲಿ? ವನ್ಯಜೀವಿ ಸಂರಕ್ಷಣಾ ಕಾಯ್ದೆ 1972, ಅರಣ್ಯ ಸಂರಕ್ಷಣಾ ಕಾಯ್ದೆ 1980. ಕಳಸಾ ಕಾಮಗಾರಿಗೆ ಬೇಕಾದ ಜಾಗದಲ್ಲಿ ಸುಮಾರು 10.68 ಹೆಕ್ಟೇರ್ ಕಾಳಿ ಮತ್ತು ಸಹ್ಯಾದ್ರಿ ಹುಲಿ ಮೀಸಲು ಪ್ರದೇಶಗಳ ನಡುವಿನ ಓಡಾಟದ ದಾರಿಯಲ್ಲಿದೆ. ಇದಕ್ಕೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಹೂಂ ಅನ್ನಬೇಕು. 2024ರ ಆರಂಭದಲ್ಲಿ ಸಮಿತಿ ನಿರ್ಧಾರ ಮುಂದೂಡಿತು. ಆ ಕಡೆ, 2023ರ ಜುಲೈನಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ ಮಹದಾಯಿ ವನ್ಯಧಾಮವನ್ನು ಹುಲಿ ಮೀಸಲು ಎಂದು ಘೋಷಿಸಲು ಹೇಳಿತು. ತಮಾಷೆ ಏನಪಾ ಅಂದ್ರ, ನೀರಿನ ವಿಷಯಕ್ಕೆ ಕಾಡಿನ ಹೆಸರು ಹೇಳುವ ಗೋವಾ ಸರ್ಕಾರವೇ ಆ ಆದೇಶದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು. ಅಂದರೆ ಕಾಡಿನ ಮೇಲಿನ ಪ್ರೀತಿ ಎಲ್ಲ ಸರ್ಕಾರಗಳಿಗೂ ಬೇಕಾದಾಗ ಬರ್ತದ, ಬ್ಯಾಡಾದಾಗ ಹೋಗ್ತದ.

ನರಗುಂದದ ರೈತನ ಬಾಯಾರಿಕೆ ಸುಳ್ಳಲ್ಲ. ಅವನಿಗೆ "ಹುಲಿ ನಡೆದಾಡಲಿ, ನೀನು ಕಾಯಿ" ಅಂತ ಹೇಳುವ ಹಕ್ಕು ಬೆಂಗಳೂರಿನಲ್ಲಿ, ದಿಲ್ಲಿಯಲ್ಲಿ ಕೂತವರಿಗೆ ಇಲ್ಲ. ಆದರೆ ಆ 3.9 ಟಿಎಂಸಿ ಬಂದರೂ ನಮ್ಮ ಉಳಿದ ಒಂಬತ್ತು ಪಾಲು ನೀರು ಎಲ್ಲಿಂದ ಬರಬೇಕು? ಅದೇ ಕಾಡಿನ ಈ ಕಡೆಯ ಇಳಿಜಾರಿನಿಂದ. ಒಂದು ಪಾಲಿನ ಜಗಳದಲ್ಲಿ ಒಂಬತ್ತು ಪಾಲಿನ ಮೂಲವನ್ನು ಶತ್ರು ಅಂತ ಕರೆಯೋದು ಕೆಟ್ಟ ವ್ಯಾಪಾರ. ಯೋಜನೆ ಬೇಕು ಎನ್ನುವವರಿಗೂ ಕಾಡು ಬೇಕು. ಇದನ್ನು ಧರಣಿಯ ವೇದಿಕೆ ಮೇಲೂ ಹೇಳಬಹುದು.

ವಿಮೆಯ ಕಂತು ಕಟ್ಟೋರು ಬೇರೆ, ಹಣ ಪಡೆಯೋರು ಬೇರೆ

ಈ ಕಾಡನ್ನು ಉಳಿಸುವ ಖರ್ಚು ಯಾರ ತಲೆ ಮೇಲಿದೆ? ಭೀಮಗಡದೊಳಗೆ ಊರುಗಳಿವೆ: ತಳೇವಾಡಿ, ಗವಾಳಿ, ಆಮಗಾಂವ್, ಕೃಷ್ಣಾಪುರ. ಮಳೆಗಾಲದಲ್ಲಿ ಸಂಪರ್ಕ ಕಡಿದುಹೋಗುತ್ತದೆ. ಕಾಯಿಲೆ ಬಿದ್ದವರನ್ನು ಹೊತ್ತು ನಡೆಯಬೇಕು. ರಸ್ತೆ ಮಾಡೋಕೆ ಅರಣ್ಯ ಕಾನೂನು ಅಡ್ಡ. 2025ರ ಮೇ ತಿಂಗಳಲ್ಲಿ ತಳೇವಾಡಿಯ 27 ಕುಟುಂಬಗಳ ಸ್ಥಳಾಂತರ ಶುರುವಾಯಿತು, ಕುಟುಂಬಕ್ಕೆ 15 ಲಕ್ಷ ರೂಪಾಯಿ ಪರಿಹಾರ. ಕಸ್ತೂರಿರಂಗನ್ ವರದಿಯ ಸೂಕ್ಷ್ಮ ಪ್ರದೇಶದ ಪಟ್ಟಿ ಅಂದರೆ ಖಾನಾಪುರದ ಹಳ್ಳಿಗಳು ಯಾಕೆ ಬೆಚ್ಚಿ ಬೀಳ್ತಾವೆ ಅನ್ನೋದು ಇದರಿಂದ ಅರ್ಥವಾಗಬೇಕು. ಅವರಿಗೆ ಸಂರಕ್ಷಣೆ ಅಂದರೆ ಬರೀ ಬ್ಯಾಡಗಳ ಪಟ್ಟಿ.

ಈಗ ದೇಶದ ಲೆಕ್ಕಕ್ಕೆ ಬರೋಣ. ಕಾಡು ಉಳಿಸಿದ ರಾಜ್ಯಕ್ಕೆ ಹಣ ಕೊಡುವ ಪದ್ಧತಿ ನಮ್ಮಲ್ಲಿ ಇದೆ, ಗೊತ್ತಾ? ಕೇಂದ್ರದ ತೆರಿಗೆಯನ್ನು ರಾಜ್ಯಗಳಿಗೆ ಹಂಚುವ ಸೂತ್ರದಲ್ಲಿ 14ನೇ ಹಣಕಾಸು ಆಯೋಗ ಅರಣ್ಯಕ್ಕೆ 7.5 ಪ್ರತಿಶತ ತೂಕ ಕೊಟ್ಟಿತು. 15ನೇ ಆಯೋಗ ಅದನ್ನು 10ಕ್ಕೆ ಏರಿಸಿತು. ಕರ್ನಾಟಕದ ಒಟ್ಟು ಪಾಲು ಆಗ 4.713ರಿಂದ 3.647 ಪ್ರತಿಶತಕ್ಕೆ ಇಳಿದದ್ದು ಬೇರೆ ಕಥೆ, ಅದಕ್ಕೆ ಕಾರಣಗಳೂ ಬೇರೆ. ಇಲ್ಲಿ ಮುಖ್ಯ ಏನಂದ್ರೆ, ಕಾಡಿನ ಹೆಸರಲ್ಲಿ ಬರುವ ಈ ಹಣ ರಾಜ್ಯದ ದೊಡ್ಡ ಖಜಾನೆಗೆ ಹೋಗಿ ಕೂಡುತ್ತದೆ. ಆಮಗಾಂವ್ ಹೆಸರಿನ ಒಂದು ಸಾಲು ಆ ಲೆಕ್ಕದಾಗ ಇಲ್ಲ. ಕಾಡು ಕಡಿದಾಗ ಕಟ್ಟಿಸಿಕೊಳ್ಳುವ ಪರಿಹಾರ ನಿಧಿಗೆ 2016ರಲ್ಲಿ ಕಾಯ್ದೆಯೇ ಬಂತು. ಅದು ಕಾಡು ಹೋದಾಗ ಬರೋ ಹಣ. ಕಾಡು ಇದ್ದಾಗ, ಅದರ ಜೊತೆ ಬದುಕುವವರಿಗೆ ಪ್ರತಿ ವರ್ಷ ಬರಬೇಕಾದ ಹಣ ಎಲ್ಲಿ?

ಜಗತ್ತಿನಲ್ಲಿ ಇದಕ್ಕೆ ಮಾದರಿಗಳಿವೆ. ನ್ಯೂಯಾರ್ಕ್ ನಗರಕ್ಕೆ ಕುಡಿಯುವ ನೀರು ಬರೋದು ದೂರದ ಕ್ಯಾಟ್‌ಸ್ಕಿಲ್ ಬೆಟ್ಟಗಳಿಂದ. 1990ರ ದಶಕದಲ್ಲಿ ನೀರು ಶುದ್ಧೀಕರಿಸುವ ಘಟಕ ಕಟ್ಟಲು ನೂರಾರು ಕೋಟಿ ಡಾಲರ್ ಬೇಕು ಎಂಬ ಲೆಕ್ಕ ಬಂತು. ನಗರದವರು 1997ರಲ್ಲಿ ಬೆಟ್ಟದ ಊರುಗಳ ಜೊತೆ ಒಪ್ಪಂದ ಮಾಡಿಕೊಂಡರು. ಅಲ್ಲಿನ ರೈತರಿಗೆ, ಊರಿನವರಿಗೆ ಹಣ ಕೊಟ್ಟು ಜಮೀನು, ಹಳ್ಳ, ಕಾಡು ಚೆನ್ನಾಗಿಟ್ಟುಕೊಂಡರು. ಘಟಕಕ್ಕಿಂತ ಅದು ಅಗ್ಗವಾಯಿತು.

"ಅದು ಅಮೆರಿಕ ಬಿಡ್ರಿ" ಅಂದ್ರೆ, ಹಿಮಾಚಲದ ಪಾಲಂಪುರ ನೋಡ್ರಿ. ನಮ್ಮ ಬೈಲಹೊಂಗಲದಂಥದೇ ಒಂದು ಪಟ್ಟಣ. ಅದರ ನೀರು ಬೋಹಲ್ ಎಂಬಲ್ಲಿನ ಚಿಲುಮೆಯಿಂದ ಬರ್ತದ. 2010ರಲ್ಲಿ ಅಲ್ಲಿನ ಪುರಸಭೆ ಚಿಲುಮೆಯ ಮೇಲಿನ ಕಾಡು ಕಾಯುವ ಹಳ್ಳಿಗಳ ಸಮಿತಿ ಜೊತೆ ಒಪ್ಪಂದ ಮಾಡಿಕೊಂಡು, ವರ್ಷಕ್ಕೆ 10,000 ರೂಪಾಯಿ ಕೊಡಲು ಒಪ್ಪಿತು. ಮೊತ್ತ ಸಣ್ಣದು, ಒಪ್ಕೋತೀನಿ. ಆದರೆ ಲೆಡ್ಜರ್‌ನಲ್ಲಿ ಒಂದು ಖಾತೆ ತೆರೆಯಿತಲ್ಲ, ಅದು ದೊಡ್ಡದು.

ನಮ್ಮಲ್ಲಿ ಮಾಡಿದರೆ? ಲೆಕ್ಕ ಹಾಕೋಣ, ಇದು ನನ್ನ ಲೆಕ್ಕ, ಯಾವ ಸರ್ಕಾರದ್ದೂ ಅಲ್ಲ. ಮಲಪ್ರಭೆಯ ನೀರು ಬಳಸುವ ನಗರ, ಕೈಗಾರಿಕೆಗಳ ಮೇಲೆ ಸಾವಿರ ಲೀಟರಿಗೆ ಬರೀ ಒಂದು ರೂಪಾಯಿ ಹಾಕಿದರೆ, ಒಂದು ಟಿಎಂಸಿಗೆ ಸುಮಾರು 2 ಕೋಟಿ 83 ಲಕ್ಷ ರೂಪಾಯಿ. ತಳೇವಾಡಿಯ 27 ಕುಟುಂಬಗಳ ಪೂರ್ತಿ ಪರಿಹಾರ 4 ಕೋಟಿ 5 ಲಕ್ಷ. ಒಂದೂವರೆ ಟಿಎಂಸಿ ನೀರಿನ ಒಂದು ರೂಪಾಯಿ ಅಷ್ಟೇ. ಅದೂ ಪರಿಹಾರ ಒಮ್ಮೆ ಕೊಟ್ಟು ಮುಗಿಯೋದು, ಇದು ವರ್ಷ ವರ್ಷ ಬರೋದು. ಆ ಹಣದಲ್ಲಿ ಕಾಡಂಚಿನ ಊರುಗಳಿಗೆ ಆಂಬುಲೆನ್ಸ್, ನರ್ಸ್, ಕಾಲುಸಂಕ, ಬೆಂಕಿ ಕಾಯುವವರಿಗೆ ಸಂಬಳ, ಎಷ್ಟೆಲ್ಲ ಆಗಬಹುದು ಯೋಚನೆ ಮಾಡ್ರಿ.

ನಮ್ಮ ಹೊಲದ ಮಾಲು

ಮೇಲಿನವರಿಗೆ ಬುದ್ಧಿ ಹೇಳೋದು ಸುಲಭ. ಈಗ ನಮ್ಮ ಕಡೆ ತಿರುಗೋಣ.

ಕೆಳಗಿನ ಜೀವವೈವಿಧ್ಯ ಅಂದರೆ ನಮ್ಮ ಬಿತ್ತನೆ. ಬಿಳಿಜೋಳ, ಕಡಲೆ, ಕುಸುಬಿ, ಅಗಸಿ, ಜಯಧರ ಹತ್ತಿ, ನಡುನಡುವೆ ಅಕ್ಕಡಿ ಸಾಲು. ಇವೆಲ್ಲ ನಮ್ಮ ಎರಿಮಣ್ಣಿನ ಹಸಿ ನಂಬಿ ಬೆಳೆದವು. ಒಂದು ಹೋದರೆ ಇನ್ನೊಂದು ಕೈ ಹಿಡೀತಿತ್ತು. ಇದಕ್ಕೆ ಷೇರು ಪೇಟೆಯವರು ಪೋರ್ಟ್‌ಫೋಲಿಯೊ ಅಂತಾರೆ, ನಮ್ಮ ಅಜ್ಜಿಗಳು ಬರೀ "ಎಲ್ಲಾ ಸ್ವಲ್ಪ ಸ್ವಲ್ಪ ಹಾಕ್ರಿ" ಅಂತಿದ್ದರು.

ಒಂದೇ ಬೆಳೆಯ ಹೊಡೆತ ಹೇಗಿರುತ್ತದೆ ಅನ್ನೋದಕ್ಕೆ ಇದೇ ಮಲಪ್ರಭಾ ಕಾಲುವೆಯ ಇತಿಹಾಸ ಸಾಕ್ಷಿ. 1972ರಲ್ಲಿ ಧಾರವಾಡದ ಸಂಶೋಧನಾ ಕೇಂದ್ರದಿಂದ ವರಲಕ್ಷ್ಮಿ ಎಂಬ ಸಂಕರ ಹತ್ತಿ ಬಂತು. ಒಳ್ಳೆಯ ತಳಿ, ಉದ್ದ ಎಳೆ, ಒಳ್ಳೆ ರೇಟು. ಕಾಲುವೆ ನೀರು ಬಂದ ಕಡೆ ರೈತರು ಅದಕ್ಕೇ ವಾಲಿದರು. ಆಮೇಲೆ ರೇಟು ಬಿತ್ತು. ಸಾಲ ಉಳಿಯಿತು, ಮೇಲೆ ನೀರಿನ ಕರ, ಅಭಿವೃದ್ಧಿ ಕರ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆಯಿತು, ರೈತರು ಸತ್ತರು. ಆ ಬೆಂಕಿಯಿಂದ ರಾಜ್ಯದ ರೈತ ಚಳವಳಿ ಎದ್ದಿತು. ಸಾವಿಗೆ ಹತ್ತಿ ತಳಿ ಕಾರಣ ಅಂತಲ್ಲ. ಆದರೆ ಎಲ್ಲ ಮೊಟ್ಟೆ ಒಂದೇ ಬುಟ್ಟಿಯಲ್ಲಿ ಇದ್ದಾಗ, ಬುಟ್ಟಿ ಬಿದ್ದರೆ ಕರ ಕಟ್ಟೋಕೂ ಏನೂ ಉಳಿಯಲಿಲ್ಲ.

ಇವತ್ತಿನ ಬುಟ್ಟಿ ಕಬ್ಬು. ಕಬ್ಬು ಬೆಳೆದವನನ್ನು ಬೈಯೋಕೆ ನನಗೆ ಮನಸ್ಸಿಲ್ಲ. ಖರೀದಿಗೆ ಫ್ಯಾಕ್ಟರಿ ಇದೆ, ಕೇಂದ್ರ ನಿಗದಿ ಮಾಡಿದ ದರ ಇದೆ, ಕಾಡುಹಂದಿ ಬಿಟ್ಟರೆ ಕಾಟ ಕಡಿಮೆ. ಬಿಳಿಜೋಳಕ್ಕೆ ಈ ಭರವಸೆ ಯಾರು ಕೊಡ್ತಾರೆ? ಆದರೆ ಕಬ್ಬಿಗೆ ಹಂಗಾಮಿಗೆ 1,500ರಿಂದ 2,500 ಮಿಲಿಮೀಟರ್ ನೀರು ಬೇಕು, ಜೋಳಕ್ಕೆ 450ರಿಂದ 650 ಸಾಕು. 2023ರಂಥ ವರ್ಷ ಈ ವ್ಯತ್ಯಾಸವೇ ಯಾರು ಉಳಿದರು, ಯಾರು ಸಾಲಕ್ಕೆ ಬಿದ್ದರು ಅನ್ನೋದನ್ನು ನಿರ್ಧರಿಸ್ತದ.

ಇಲ್ಲಿ ನಮಗೆ ಗೊತ್ತೇ ಇಲ್ಲದ ಒಂದು ಕಾನೂನು ಇದೆ: ಜೀವವೈವಿಧ್ಯ ಕಾಯ್ದೆ 2002. ಇದರ 41ನೇ ಸೆಕ್ಷನ್ ಪ್ರಕಾರ ಪ್ರತಿ ಗ್ರಾಮ ಪಂಚಾಯ್ತಿ, ಪುರಸಭೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಆ ಸಮಿತಿ ಊರಿನ ತಳಿ, ಗಿಡಮೂಲಿಕೆ, ಜಾನುವಾರು, ಕೆರೆ, ಹಿರಿಯರಿಗೆ ಗೊತ್ತಿರುವ ವಿದ್ಯೆ, ಎಲ್ಲವನ್ನೂ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆಯಬೇಕು. ಯಾವುದೋ ಕಂಪನಿ ಆ ಸಂಪತ್ತನ್ನು ವ್ಯಾಪಾರಕ್ಕೆ ಬಳಸಿದರೆ, ಲಾಭದ ಒಂದು ಪಾಲು ಊರಿಗೆ ಬರಬೇಕು.

ಪುಸ್ತಕದ ಮಾತು ಅನ್ನಬ್ಯಾಡ್ರಿ. ನಮ್ಮ ಜಿಲ್ಲೆಯ ರಾಯಬಾಗ ತಾಲೂಕಿನ ಕುಡಚಿಯ ಹೆಸರು ಹೊತ್ತ ಒಂದು ಬದನೆ ತಳಿ ಇದೆ, ಕುಡಚಿ ಲೋಕಲ್. ಬಿಟಿ ಬದನೆ ತಯಾರಿಸಲು ಬಳಸಿದ ಸ್ಥಳೀಯ ತಳಿಗಳಲ್ಲಿ ಇದೂ ಒಂದು. ಕಾಯ್ದೆ ಪ್ರಕಾರ ಬೇಕಾದ ಅನುಮತಿ ಪಡೆಯದೆ ತಳಿಗಳನ್ನು ಬಳಸಲಾಗಿದೆ ಎಂಬ ಆರೋಪದ ಮೇಲೆ 2012ರಲ್ಲಿ ಧಾರವಾಡದ ನ್ಯಾಯಾಲಯದಲ್ಲಿ ಕ್ರಿಮಿನಲ್ ದೂರು ದಾಖಲಾಯಿತು. ಈ ಕಾಯ್ದೆಯಡಿ ದೇಶದ ಗಮನ ಸೆಳೆದ ಮೊದಲ ದೊಡ್ಡ ಪ್ರಕರಣಗಳಲ್ಲಿ ಇದೂ ಒಂದು. 2023ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದು ಜೈಲು ಶಿಕ್ಷೆ ತೆಗೆದು ದಂಡ ಮಾತ್ರ ಉಳಿಸಿದರು. ಕಾನೂನಿನ ಹಲ್ಲು ಮೊಂಡಾಯಿತು ಅಂತ ಕೆಲವರು, ವ್ಯಾಪಾರ ಸುಲಭವಾಯಿತು ಅಂತ ಕೆಲವರು. ಏನೇ ಆಗಲಿ, ದಾಖಲೆಯಲ್ಲಿ ಬರೆದಿಲ್ಲದ ತಳಿಗೆ ಹಕ್ಕು ಕೇಳೋದು, ಖಾತೆ ಪುಸ್ತಕ ಇಲ್ಲದೆ ಬ್ಯಾಂಕಿಗೆ ಹೋಗಿ ನನ್ನ ದುಡ್ಡು ಕೊಡ್ರಿ ಅಂದಂಗ.

2019ರ ಆಸುಪಾಸಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಗಡುವು ಹಾಕಿ, ತಪ್ಪಿದರೆ ದಂಡ ಎಂದಾಗ ದೇಶದೆಲ್ಲೆಡೆ ಸಮಿತಿಗಳು ಗಡಿಬಿಡಿಯಲ್ಲಿ ರಚನೆಯಾದವು. ಕಾಗದದ ಮೇಲೆ ಸಮಿತಿ ಹುಟ್ಟಿತು. ಅದಕ್ಕೆ ಜೀವ ತುಂಬೋದು ಊರಿನವರ ಕೆಲಸ.

ಹಂಗಾರ ನಾವೇನ್ ಮಾಡಬಹುದು?

ಮೂರು ಸಣ್ಣ ಕೆಲಸ ಹೇಳ್ತೀನಿ, ಮೂರೂ ಫೋನ್ ಇದ್ದವರು ಮಾಡಬಹುದಾದವು.

ಒಂದು, ಮುಂದಿನ ಗ್ರಾಮಸಭೆಗೆ ಹೋಗಿ ಎರಡೇ ಪ್ರಶ್ನೆ ಕೇಳ್ರಿ: ನಮ್ಮ ಪಂಚಾಯ್ತಿಯ ಜೀವವೈವಿಧ್ಯ ಸಮಿತಿಯಲ್ಲಿ ಯಾರಿದ್ದಾರೆ? ದಾಖಲಾತಿ ಪುಸ್ತಕ ತೋರಸ್ರಿ. ತೋರಿಸದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಇದೆ.

ಎರಡು, ನಿಮ್ಮ ಮನೆಯ ಹಿರಿಯರ ಬಾಯಿಂದ ತಳಿಗಳ ಹೆಸರು ಕೇಳಿ ರೆಕಾರ್ಡ್ ಮಾಡ್ರಿ. ಯಾವ ಜೋಳ ಯಾವ ಮಳೆಗೆ, ಯಾವ ಹತ್ತಿ ಯಾವ ಮಣ್ಣಿಗೆ. ನಮ್ಮ ಅಜ್ಜಿಯರ ತಲೆಮಾರು ಹೋದರೆ ಈ ಡೇಟಾಗೆ ಬ್ಯಾಕಪ್ ಇಲ್ಲ.

ಮೂರು, ಮಹದಾಯಿ ಬಗ್ಗೆ ವಾಟ್ಸಾಪ್‌ನಲ್ಲಿ ಜಗಳ ಬಂದಾಗ ಒಂದು ಹೆಚ್ಚುವರಿ ಬೇಡಿಕೆ ಸೇರಿಸ್ರಿ: ನೀರು ಬೇಕು, ಜೊತೆಗೆ ಆ ನೀರಿನ ಮೇಲ್ಭಾಗದ ಊರುಗಳಿಗೆ ವರ್ಷ ವರ್ಷ ಪಾಲೂ ಬೇಕು. ಎರಡೂ ಒಂದೇ ಬಾಯಿಂದ ಕೇಳಬಹುದಾದ ಮಾತು.

ವಾಣಿಜ್ಯದ ಮೊದಲ ಪಾಠ: ಪ್ರತಿ ಜಮೆಗೆ ಒಂದು ಖರ್ಚು ಎಲ್ಲೋ ಬರೆದಿರಲೇಬೇಕು. ನಮ್ಮ ಜಮೆಯಲ್ಲಿ ನೀರಿದೆ, ಫಸಲಿದೆ, ಹತ್ತಿಯ ಅಂಡಿಗೆ ಇದೆ, ಸಕ್ಕರೆ ಚೀಲ ಇದೆ. ಆ ಖರ್ಚು ಇಷ್ಟು ವರ್ಷ ಆಮಗಾಂವ್, ಗವಾಳಿಯವರ ಪುಸ್ತಕದಲ್ಲೇ ಬರೆದಿದೆ, ನಾವು ಆ ಪುಟ ತಿರುವಿ ನೋಡಿಲ್ಲ ಅಷ್ಟೆ. ಈಗಲಾದರೂ ನೋಡೋಣ. ನೋಡಿದರೆ ಮುಂದಿನ ಕೆಟ್ಟ ವರ್ಷ ಬಂದಾಗ ನಮ್ಮ ಶಟರ್ ಅಷ್ಟು ಬೇಗ ಕೆಳಗಿಳಿಯಲಿಕ್ಕಿಲ್ಲ.

ಇವತ್ತಿಗೆ ಇಷ್ಟು. ಮುಂದಿನ ಸಂಚಿಕೆಯಲ್ಲಿ ಬೆಳೆವಿಮೆಯ ಲೆಕ್ಕ ಬಿಡಿಸೋಣ: ಕಂತು ಯಾರ ಜೇಬಿನಿಂದ ಹೋಗ್ತದ, ಹಣ ಯಾವಾಗ ಬರ್ತದ. ಅಲ್ಲಿತನಕ ಆರಾಮ ಇರ್ರಿ. ಸಿಗೋಣ.